ಕಲ್ಲು ನೋಡಲು ಹೋದವನು

ಆ ವರ್ಷ ನಾನು ಮೂರು ಪಂಚೆಗಳ ಸಂಸಾರಿ: ಒಂದು ಸೊಂಟದಲ್ಲಿ, ಒಂದು ಹಗ್ಗದ ಮೇಲೆ, ಇನ್ನೊಂದು ಬಕೆಟ್ಟಿನಲ್ಲಿ. ಗುಂಡ್ಲುಪೇಟೆಯ ಸ್ಕೂಲು ಮೇಷ್ಟರಿಗೆ ಬಿಳಿಯ ಬಟ್ಟೆಯೇ ಅರ್ಧ ವಿದ್ಯೆ. ಉಳಿದರ್ಧ ಎಲ್ಲಿದೆಯೆಂದು ಯಾರೂ ಹುಡುಕದಿದ್ದುದು ನನ್ನ ಪುಣ್ಯ. ಹೆಂಡತಿ ಪಾರ್ವತಿ ಬಾಣಂತನಕ್ಕೆಂದು ತವರೂರು ಕುದೇರಿನಲ್ಲಿದ್ದಳು. ಮಗನಿಗೆ ಐದು ತಿಂಗಳು ತುಂಬಿತೆಂದು ಇಬ್ಬರನ್ನೂ ಕರೆತರಲು ಹೋದರೆ, ಅತ್ತೆ ನೀರಿನ ಚೊಂಬಿನ ಜೊತೆಗೇ ಒಂದು ಷರತ್ತನ್ನೂ ಮುಂದಿಟ್ಟರು.

"ಇವಳ ಸೊಂಟ ಇನ್ನೂವೆ ಗಟ್ಟಿಯಾಗಿಲ್ಲ. ಕೂಸಿನ ಬಟ್ಟೆ ಒತ್ಕಂಡು ಕೆರೆಗೆ ಓಗದಾದ್ರೆ ನಾ ಕಳ್ಸಕಿಲ್ಲ ಅಳಿಯಂದ್ರೇ. ಮೊದ್ಲು ಮನೇಲಿ ಒಂದು ಒಗಿಯ ಕಲ್ಲು ಆಕ್ಸಿ."

ಒಂದು ಕಲ್ಲು ತಾನೇ ಎಂದುಕೊಂಡು ಬರಿಗೈಲಿ ಬಸ್ಸು ಹತ್ತಿದೆ. ನೀವಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದಿರಿ. ಆದರೆ ವಿಚಾರಿಸುತ್ತ ಹೋದಂತೆ ನನ್ನ ನೆಮ್ಮದಿ ಕೆಟ್ಟಿತು. ತೀರ ನುಣುಪಾದರೆ ಕೊಳೆ ಬಿಡದು, ಒರಟಾದರೆ ಬಟ್ಟೆ ಉಳಿಯದು, ಒಳಗೆ ಬಿರುಕಿದ್ದರೆ ಎರಡು ಮಳೆಗಾಲಕ್ಕೆ ಹೋಳಾಗುವುದು ಎಂದು ಊರೆಲ್ಲ ಹೇಳಿತು. ನನ್ನ ಕಿಸೆಗಾದರೋ ಒಂದೇ ಒಂದು ಕಲ್ಲಿನ ಶಕ್ತಿಯಿತ್ತು. ತಪ್ಪು ಮಾಡಿ ತಿದ್ದಿಕೊಳ್ಳುವ ಭಾಗ್ಯ ಇರಲಿಲ್ಲ.

ಕಲ್ಲು ಆರಿಸುವುದು ನಮ್ಮ ಕಡೆ ಗಂಡಸರ ಕೆಲಸ. ಹಾಗಾಗಿ ಚಾಮರಾಜನಗರದ ಬಳಿ ಕಲ್ಲು ಒಡೆಯುವ ಮಾದಯ್ಯನಲ್ಲಿಗೆ ಭಾನುವಾರ ಭಾನುವಾರವೂ ಹೋದೆ. ಕಂಬ ಕಡೆದು ಉಳಿದ ತುಂಡುಗಳ ರಾಶಿಯಷ್ಟೇ ನನ್ನ ಕೈಗೆಟಕುವಂಥದು. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ, ನೀರು ಸುರಿದು ಆರಲು ಬಿಟ್ಟರೆ ಬಿರುಕಿರುವಲ್ಲಿ ತೇವದ ಗೆರೆ ನಿಲ್ಲುತ್ತದೆ ಎಂದು ಅವನೇ ಕಲಿಸಿಕೊಟ್ಟ. ತಟ್ಟಿದೆ, ಸುರಿದೆ, ಬಿಸಿಲಿನಲ್ಲಿ ಕಾದೆ. ಒಂದನ್ನು ಮೆಚ್ಚಿ ಬಸ್ಸು ಹತ್ತಿದರೆ ಬಿಟ್ಟುಬಂದ ಇನ್ನೊಂದೇ ವಾಸಿಯೆನಿಸುವುದು.

ನಾಲ್ಕನೆಯ ಭಾನುವಾರ ಮಾದಯ್ಯ ಉಳಿ ಕೆಳಗಿಟ್ಟ. "ಎಣ್ಣು ನೋಡಕೂ ಯಾರೂ ಇಷ್ಟು ಸಲ ಬರಕಿಲ್ಲ ಮೇಷ್ಟ್ರೇ."

ಅವನು ಹೇಳಿದ್ದು ನಿಜ. ಪಾರ್ವತಿಯನ್ನು ಒಪ್ಪಲು ನನಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕಾಗಿತ್ತು. ಆಯ್ಕೆಯ ಭಯ ವಸ್ತುವಿನ ಬೆಲೆಯನ್ನು ನೋಡಿ ಬರುವುದಲ್ಲ, ನಮ್ಮ ಮೇಲೆ ನಮಗಿರುವ ಅನುಮಾನದಿಂದ ಬರುವುದು ಎಂದು ಈಗ ತೋರುತ್ತದೆ. ಆಗ ಅದನ್ನು ಜಾಣತನವೆಂದೇ ತಿಳಿದಿದ್ದೆ. ಅದೇ ವಾರ ಅವಳ ಕಾಗದ ಬಂತು. ಮಗು ಆಸರೆಯಿಲ್ಲದೆ ಕೂರುತ್ತಿದೆಯಂತೆ. ನನ್ನ ಮಗ ಕೂರಲು ಕಲಿಯುವಾಗ ನಾನು ಕಲ್ಲಿಗೆ ನೀರು ಸುರಿಯುತ್ತ ನಿಂತಿದ್ದೆ. ಮರುದಿನವೇ ರಜೆ ಹಾಕಿ ಹೋಗಿ, ಗಂಟೆಯಂತೆ ನುಡಿದ ಒಂದನ್ನು ಗಾಡಿಗೆ ಹೇರಿಸಿದೆ.

ಬೀದಿಯ ಪಕ್ಕದ ಬೇಲಿಯೊಳಗೆ ಅದನ್ನು ಕೂರಿಸುವಾಗ ಗಾರೆಯವನು ಕೇಳಿದ: "ಎಷ್ಟೆತ್ತರ ಕೊಡನ ಮೇಷ್ಟ್ರೇ?"

ಸೊಂಟ ಬಗ್ಗಿಸುವಂತಿರಬಾರದು ಎಂದು ನೆಟ್ಟಗೆ ನಿಂತು ನನ್ನ ನಡುವನ್ನು ತೋರಿಸಿದೆ. ಕಟ್ಟೆ ಕಟ್ಟಿದ, ಗಾರೆ ಕಲ್ಲಾಯಿತು. ಅತ್ತೆಗೆ ಹೆಮ್ಮೆಯಿಂದ ಕಾಗದ ಬರೆದೆ.

ಪಾರ್ವತಿ ಬಂದ ಮರುದಿನ ಬೆಳಿಗ್ಗೆ ಮಗುವನ್ನು ನನ್ನ ಕೈಗಿತ್ತು, ನೆನೆಸಿದ ಸೀರೆ ಹಿಡಿದು ಕಲ್ಲಿನ ಮುಂದೆ ನಿಂತಳು. ನಾನು ಆರಡಿ, ಅವಳು ನನ್ನ ಭುಜಕ್ಕೂ ಬರುವುದಿಲ್ಲ. ಕಲ್ಲು ಅವಳ ಎದೆಯ ಹತ್ತಿರವಿತ್ತು. ಸೀರೆಯನ್ನು ಎತ್ತಿ ಬಡಿಯಲು ನೋಡಿದಳು, ಆಗಲಿಲ್ಲ. ಕಲ್ಲಿನ ಗುಣವನ್ನೆಲ್ಲ ವಿಚಾರಿಸಿದ್ದೆ. ಒಗೆಯುವವಳನ್ನು ಒಂದು ಮಾತು ಕೇಳಿರಲಿಲ್ಲ.

"ಕಲ್ಲು ಚೆನ್ನಾಗದ," ಎಂದಳು. ನಗುವನ್ನು ಹತ್ತಿಕ್ಕಿಕೊಂಡು ಸೇರಿಸಿದಳು: "ನಿಮ್ಗೆ ಸರಿಯಾಗದ."

ಕಿತ್ತರೆ ಕಲ್ಲೇ ಸೀಳೀತೆಂದು ಗಾರೆಯವನು ಮೊದಲೇ ಹೇಳಿದ್ದ. ನಾನು ಮಗುವನ್ನು ಅವಳ ಕಂಕುಳಿಗೆ ಕೊಟ್ಟು ಸೀರೆ ತೆಗೆದುಕೊಂಡೆ. ಅಷ್ಟರಲ್ಲಿ ಬೇಲಿಯಾಚೆ, ಕೆರೆಗೆ ಹೊರಟಿದ್ದ ಹೆಂಗಸರು ನಿಂತರು. ಅವರ ಹಿಂದೆ ನನ್ನ ಸಹೋದ್ಯೋಗಿಯೊಬ್ಬರು ಸೈಕಲ್ಲಿನಿಂದ ಇಳಿದರು. ಹೆಂಡತಿಯ ಸೀರೆ ಒಗೆದ ಗಂಡಸನ್ನು ಆ ಬೀದಿ ಕಂಡಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

ಪಾರ್ವತಿ ಮೆಲ್ಲಗೆ ಅಂದಳು: "ನಾಚ್ಕೆ ಆದ್ರೆ ಬುಡಿ. ಮಣೆ ಆಕ್ಕಂಡು ನಾನೇ ಒಗಿತೀನಿ."

ಒದ್ದೆ ನೆಲ, ಜಾರುವ ಮಣೆ, ಇನ್ನೂ ಗಟ್ಟಿಯಾಗದ ಸೊಂಟ. ನಾನು ಪಂಚೆ ಎತ್ತಿ ಕಟ್ಟಿ, ಸೀರೆಯನ್ನು ತಲೆಯ ಮೇಲಕ್ಕೆತ್ತಿ, ಬೀದಿಯ ಕೊನೆಯವರೆಗೂ ಕೇಳುವಂತೆ ಬಡಿದೆ.