ಠರಾವಿನಾಗ ಬಿಟ್ಟ ಒಂದು ಮಾತು

ಸಮುದ್ರ ಕಣ್ಣಿಲೆ ಕಾಣದ ಮಂದಿ ನಾವು, ಹಡಗಿನ ಹೆಸರು ಕೇಳಿ ಓಟು ಹಾಕಿದ್ವಿ. ಕೂಡ್ಲಿಗಿ ಸೀಮಿಯ ನಮ್ಮೂರ ಪುರಸಭೆಗೆ ಆ ಸಲ ಅಧ್ಯಕ್ಷ ಆದಾತ ಮಂಗಳೂರಿನಾಗ ಹಡಗಿನ ವ್ಯಾಪಾರ ಮಾಡಿದವ. ಇಲ್ಲಿಯ ಶೇಂಗಾ, ಮೆಣಸಿನಕಾಯಿ ಹಡಗಿಗೆ ಹೇರಿ ದೊಡ್ಡವನಾಗಿ, ವಯಸ್ಸಾದ ಮ್ಯಾಲೆ ಹಡಗು ಮಾರಿ, ಊರು ಉದ್ಧಾರ ಮಾಡ್ತೀನಂತ ಬಂದಿದ್ದ. "ಅಷ್ಟು ನೀರು ದಾಟಿದಾತಗ ನಮ್ಮ ಕೊಡದ ನೀರು ಯಾವ ಲೆಕ್ಕ?" ಅಂತ ನಮ್ಮವ್ವ ಕೇರಿ ಹೆಂಗಸರನ್ನೆಲ್ಲ ಕರಕೊಂಡು ಹೋಗಿ ಓಟು ಹಾಕಿಸಿದಳು.

ಅವ್ವಗ ಬೇಕಾಗಿದ್ದು ಕೇರಿಗೊಂದು ನಲ್ಲಿ, ಅಷ್ಟೇ. ಊರ ಬಾವಿಯ ಕಟ್ಟಿ ನಾವು ಹತ್ತಂಗಿರಲಿಲ್ಲ. ಕೆಳಗ ಕೊಡ ಇಟ್ಟು, "ಯವ್ವಾ, ಒಂದೀಟು ಹಾಕ್ರಿ" ಅಂತ ನಿಂದರಬೇಕು. ಮನಸ್ಸು ಬಂದವರು ಮ್ಯಾಲಿಂದ ಸುರೀತಿದ್ರು, ಅರ್ಧ ಕೊಡಕ್ಕ, ಅರ್ಧ ಸೀರಿಗೆ.

ಅದೇ ಪುರಸಭೆಯಾಗ ನಾನು ಗುಮಾಸ್ತ. ನಮ್ಮ ಕೇರಿಯಾಗ ಸರಕಾರಿ ನೌಕರಿ ಹಿಡಿದ ಮೊದಲನೇವ. ಇಸ್ತ್ರಿ ಅಂಗಿ, ಕಿಸೆಯಾಗ ಪೆನ್ನು, ಏನು ಗತ್ತು ನಂದು. ಆಫೀಸಿನಾಗ ಯಾರೂ ನನ್ನ ಜಾತಿ ಎತ್ತಬಾರದು ಅಂತ ನಾನೂ ಎತ್ತುತ್ತಿರಲಿಲ್ಲ.

ಸಭೆ ಆತು. "ಹರಿಜನ ಕೇರಿಗೆ ಒಂದು ನಲ್ಲಿ" ಅಂತ ಅಧ್ಯಕ್ಷನೇ ಬಾಯಿಬಿಟ್ಟು ಹೇಳಿದ. ಠರಾವು ಬರೆಯೋನು ನಾನು. ಎಲ್ಲರೂ ನನ್ನ ಪೆನ್ನನ್ನೇ ನೋಡಾಕತ್ತಾರ ಅನ್ನಿಸಿ ಮೊದಲನೇ ಮಾತು ಬರಿಯಾಕ ಕೈ ಏಳಲಿಲ್ಲ. "ಕೇರಿಗೆ ಒಂದು ನಲ್ಲಿ" ಅಂತ ಬರೆದೆ. ಬರೇ ಕೇರಿ ಅಂದ್ರ ಊರ ಮಂದಿ ಬಾಯಾಗ ನಮ್ಮದೇ ಅಂದ್ಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಪೈಪು ಹೋಗಿದ್ದು ಮ್ಯಾಗಳ ಕೇರಿಗೆ. ಅಧ್ಯಕ್ಷನ ಮನಿ ಇದ್ದ ಓಣಿ ಅದು. ಕೇಳಾಕ ಹೋದೆ. ಆತ ಠರಾವು ತರಿಸಿ ಓದಿ ನಕ್ಕ.

"ನೋಡಪಾ, ಬಂದರಿನಾಗ ಚೀಲದ ಮ್ಯಾಲೆ ವಿಳಾಸ ಪೂರಾ ಬರೀಲಿಲ್ಲಂದ್ರ ಸರಕು ಇಳಿದಲ್ಲಿಯವರದು. ಮ್ಯಾಗಳ ಕೇರಿನೂ ಕೇರಿನೇ ಅಲ್ಲೇನು?"

"ತಾವೇ ಸಭೆಯಾಗ ಹೇಳಿದ್ರಲ್ರಿ."

"ಹೇಳಿದ್ದೆ. ನೀನು ಬರೀಲಿಲ್ಲ."

ಕಳ್ಳ, ಗೊತ್ತಿದ್ದೇ ಮಾಡಿದ. ಮುಂದ ಆತ ಸತ್ತಾಗ, ನೀರು ಕೊಟ್ಟ ಧಣಿ ಅಂತ ಊರೇ ಅಂಗಡಿ ಮುಚ್ಚಿತು. ನನಗ ಇವತ್ತಿಗೂ ಸಿಟ್ಟು ಇಳಿದಿಲ್ಲ. ಆದ್ರ ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ನಾನೇ ಆಗಿದ್ದೆ.

ಅಧ್ಯಕ್ಷನ್ನ ಕೇಳಿ ಬಂದ ದಿನ ಅವ್ವಗ ಸುಳ್ಳು ಹೇಳಬೇಕಂತ ಮಾಡಿದ್ದೆ, ಆಗಲಿಲ್ಲ. ಆ ಮಾತು ಬರಿಯಾಕ ನಾಚಿಕಿ ಆತು ಅಂತ ಹೇಳಿಬಿಟ್ಟೆ. ಬೈತಾಳ ಅಂದ್ಕೊಂಡಿದ್ದೆ. ಆಕಿ ರೊಟ್ಟಿ ಬಡಿಯಾಕತ್ತಿದಳು.

ಮರುದಿನ ನಾನು ಆಫೀಸಿನವರ ಜೊತಿ ಮ್ಯಾಗಳ ಕೇರಿ ಹಾದು ಹೊಂಟಿದ್ದೆ. ಹೊಸ ನಲ್ಲಿಯಿಂದ ಮಾರು ದೂರ ಕೊಡ ಇಟ್ಟು ಅವ್ವ ನಿಂತಿದ್ದಳು. ನನ್ನನ್ನ ನೋಡಿದಳು. ನೋಡಿ, ಸೆರಗು ಮುಖಕ್ಕ ಎಳಕೊಂಡು, ನನ್ನ ಗುರುತೇ ಇಲ್ಲದವಳಂಗ ಆ ಕಡೆ ತಿರುಗಿ ನಿಂತಳು. ನಾನು ದಾಟಿ ಹೋದೆ.