ಗರಿ ರಾಶಿಯಲ್ಲಿದ್ದ ಕೊಳಕುಮಂಡಲದ ಮರಿ

ಇವತ್ತು ಮಾಯಸಂದ್ರದ ದಾರಿಯಲ್ಲಿ, ತೋಟದಂಚಿಗೆ ಒಟ್ಟಿದ್ದ ಒಣ ತೆಂಗಿನಗರಿ ಕಂಡು ಬಸ್ಸಿನಲ್ಲೇ ಮೈ ಜುಮ್ಮೆಂದಿತು.

ನಮ್ಮವ್ವನದು ಏರುದನಿ. ಬದುವಿನಾಚೆ ಮೇಯುವ ಎಮ್ಮೆಗೂ ಮಕ್ಕಳಾದ ನಮಗೂ ಒಂದೇ ಕೂಗು. ನಾನು ಚಿಕ್ಕವಳಿದ್ದಾಗ ಒಂದು ದಿನ ಅವ್ವ ಇಂಥದೇ ರಾಶಿಯಿಂದ ಒಲೆಗೆಂದು ಗರಿ ಎಳೆದುಕೊಡುತ್ತಿದ್ದಳು, ನಾನು ಹೊರೆ ಕಟ್ಟುತ್ತಿದ್ದೆ. ಆಗಷ್ಟೇ ಮಾತು ಕಲಿಯುತ್ತಿದ್ದ ತಂಗಿ ಗೌರಿ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ಸರ" ಎಂದಳು. ಅವಳು ಕೈ ಚಾಚಿದ್ದ ಕಡೆ ಗೇಣುದ್ದದ ಕೊಳಕುಮಂಡಲದ ಮರಿ ಸುರುಳಿ ಸುತ್ತಿ ಬುಸುಗುಡುತ್ತಿತ್ತು. ಮೈಮೇಲೆ ಸರಪಳಿಯಂಥ ಮಚ್ಚೆ. ಮರಿಯಾದರೂ ಅದು ಕಚ್ಚಿದರೆ ಮಗು ಉಳಿಯುವುದಿಲ್ಲವೆಂದು ನನಗೂ ಗೊತ್ತಿತ್ತು.

ಕಿರುಚಲು ಬಾಯಿ ತೆರೆದೆ. ಅವ್ವ ನನ್ನ ಬಾಯಿ ಮುಚ್ಚಿದಳು.

"ಗೌರೀ, ಅಲ್ಲಾಡ್ಬ್ಯಾಡ ಕಣವ್ವಾ. ನಾನು ಬತ್ತೀನಿ, ನನ್ ಚಿನ್ನಾ," ಎಂದಳು. ಅಂಥ ಮೆದು ದನಿ ಅವಳಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಮೆಲ್ಲಗೆ ಹಿಂದಿನಿಂದ ಹೋಗಿ ಮಗುವನ್ನು ಎತ್ತಿಕೊಂಡಳು. ಮರಿ ಗರಿಯೊಳಗೆ ಸರಿದುಹೋಯಿತು.

ಮನೆಗೆ ಬಂದವಳೇ ಅವ್ವ ಜಗಲಿಯ ಮೇಲೆ ಕೂತಳು. ಸಂಜೆವರೆಗೂ ಗೌರಿಯನ್ನು ಕೆಳಗಿಳಿಸಲಿಲ್ಲ.

ಬಸ್ಸಿಳಿದು ಗೌರಿಗೆ ಫೋನ್ ಮಾಡಿ ಅದನ್ನೆಲ್ಲ ಹೇಳಿದೆ. ಅವಳಿಗೆ ಹಾವಿನ ನೆನಪೇ ಇಲ್ಲ. "ಅವ್ವ ನನ್ನ ಚಿನ್ನಾ ಅಂದಿದ್ಲಾ?" ಎಂದು ಕೇಳಿ, ಆ ಮಾತನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡಳು.