ಸಂಜೆ ಅಕ್ಕ ಸುಮ್ಮನಿರುವ ಹೊತ್ತು

ನಮ್ಮ ಅತ್ತೆಗೆ ಸುಮ್ಮನೆ ಕೂರುವುದಕ್ಕೂ ಸಂಬಳ ಕೊಡುತ್ತಾರೆ ಎಂದು ಮಾವ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ರೇಡಿಯೋ ನಿಲಯದಲ್ಲಿ ಉದ್ಘೋಷಕಿ. ಜನ ಕೆಲಸ ಮುಗಿಸಿ ಮನೆ ಕಡೆ ಮುಖ ಮಾಡುವ ಹೊತ್ತಿಗೆ ಅವರ ಕಾರ್ಯಕ್ರಮ. ಒಂದೆರಡು ಹಾಡು, ನಾಳೆಯ ಹವಾಮಾನ, ಯಾವ ಬೀದಿಗೆ ನೀರು ಬರುವುದಿಲ್ಲ, ಯಾವ ರಸ್ತೆ ಅಗೆದಿದ್ದಾರೆ ಎಂಬ ಸುದ್ದಿ. ಕೊನೆಯಲ್ಲಿ ಒಂದು ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕಿಲ್ಲ, ಫೋನ್ ಮಾಡಬೇಕಿಲ್ಲ, ಬಹುಮಾನವೂ ಇಲ್ಲ. "ನೀವಿದ್ದಲ್ಲೇ ಹೇಳಿ, ನಾನು ಕೇಳ್ತೀನಿ" ಎಂದು ಅತ್ತೆ ಸುಮ್ಮನಾಗುತ್ತಿದ್ದರು. ಒಬ್ಬರು ಒಂದು ವಿಷಯವನ್ನು ಸಮಾಧಾನವಾಗಿ ಹೇಳಿ ಮುಗಿಸುವಷ್ಟು ಹೊತ್ತು ರೇಡಿಯೋದಲ್ಲಿ ಏನೂ ಬರುತ್ತಿರಲಿಲ್ಲ. ಊರಿನವರು ಅವರನ್ನು ಕರೆಯುತ್ತಿದ್ದದ್ದು ಸಂಜೆ ಅಕ್ಕ ಎಂದು.

"ಊರಿನವರ ಮಾತು ಕೇಳೋಕೆ ಬಾಯಿ ಮುಚ್ಕೊಂಡು ಕೂರ್ತಾಳೆ. ನಾನು ಬಾಯಿ ತೆಗೆದ್ರೆ ಮಾತ್ರ ಅರ್ಧಕ್ಕೇ ತಡೀತಾಳೆ" ಎಂಬುದು ಮಾವನ ಹಳೆಯ ದೂರು. ಆ ದೂರನ್ನೂ ಅತ್ತೆ ಯಾವತ್ತೂ ಪೂರ್ತಿ ಹೇಳಗೊಟ್ಟವರಲ್ಲ.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಲೆಕ್ಕಕ್ಕೆ ಸಿಗದ್ದನ್ನು ಸುಲಭಕ್ಕೆ ನಂಬುವವಳಲ್ಲ. ಗೋಡೆಯ ಕಡೆ ಮುಖ ಮಾಡಿ ಪ್ರಶ್ನೆ ಹಾಕಿ, ಗೋಡೆ ಉತ್ತರ ಹೇಳುತ್ತದೆ ಎಂದು ಕಾಯುವ ಈ ಕಾರಭಾರ ನನಗೆ ತಮಾಷೆಯಾಗಿಯೇ ಕಾಣುತ್ತಿತ್ತು. ಆದರೆ ಅತ್ತೆಯ ಶಿಸ್ತು ನೋಡಬೇಕು. ಸ್ಟುಡಿಯೋಗೆ ಹೋಗುವ ಮೊದಲು ಬಳೆ ಬಿಚ್ಚಿಡುವುದು, ಉಗುರು ಬೆಚ್ಚಗಿನ ನೀರು ಕುಡಿಯುವುದು, ಹಾಳೆ ಸರಸರ ಅನ್ನದಂತೆ ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿಕೊಳ್ಳುವುದು. ಪ್ರಶ್ನೆ ಕೇಳಿದ ಕೂಡಲೇ ಎಡಗೈಯಿಂದ ಮೈಕಿನ ಸದ್ದಿನ ಗುಂಡಿಯನ್ನು ಪೂರ್ತಿ ಕೆಳಗಿಳಿಸುತ್ತಿದ್ದರು. ಉಸಿರು ಕೇಳಿಸಿದರೆ ಉದ್ಘೋಷಕಿ ಇನ್ನೂ ಕಲಿತಿಲ್ಲ ಎಂದರ್ಥ ಎಂದು ಅವರಿಗೆ ಕೆಲಸ ಹೇಳಿಕೊಟ್ಟ ಹಿರಿಯರು ತಲೆಗೆ ತುಂಬಿದ್ದರಂತೆ.

ಹೀಗಿರುವಾಗ ನಿಲಯದ ಪ್ರಸಾರ ಗೋಪುರವನ್ನು ತಿಂಗಳ ಕೊನೆಗೆ ನಿಲ್ಲಿಸುತ್ತಾರೆ, ಇನ್ನು ಮುಂದೆ ರೇಡಿಯೋ ಬರುವುದು ಫೋನಿನ ಆ್ಯಪ್‌ನಲ್ಲಿ ಮಾತ್ರ ಎಂದಾಯಿತು. ಅಲ್ಲಿಯವರೆಗೆ ಎರಡೂ ಜೊತೆಯಲ್ಲಿ ನಡೆಯುತ್ತಿದ್ದವು. ನಿಲಯದ ಇಂಜಿನಿಯರ್ ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡುವವರು. ಅವರು ಅತ್ತೆಯನ್ನು ಕರೆದು ಕುರ್ಚಿ ಹಾಕಿಸಿ, ಒಂದು ತೊಂದರೆ ಇದೆ ಎಂದರು. ಆ್ಯಪ್‌ಗೆ ಪ್ರಸಾರ ಕಳಿಸುವ ಹೊಸ ಯಂತ್ರ, ಸ್ವಲ್ಪ ಹೊತ್ತು ಸದ್ದು ನಿಂತರೆ ಪ್ರಸಾರ ಕಡಿದುಹೋಯಿತು ಎಂದುಕೊಂಡು ತನ್ನಷ್ಟಕ್ಕೆ ತಾನೇ ಹಾಡು ಹಾಕಿಬಿಡುತ್ತದೆ.

"ಅದನ್ನ ತೆಗೆಸೋಕೆ ಆಗಲ್ಲ ಮೇಡಂ. ನಿಜವಾಗ್ಲೂ ಪ್ರಸಾರ ನಿಂತ ದಿನ ಬೇಕಾಗತ್ತೆ. ನೀವು ಆ ಮೌನ ಒಂದನ್ನ ಬಿಟ್ಟುಬಿಡಿ, ಉಳಿದದ್ದೆಲ್ಲ ಹಾಗೇ ಇರಲಿ."

"ಅದನ್ನ ಬಿಟ್ರೆ ಉಳಿಯೋದು ಹಾಡು, ಹವಾಮಾನ. ಅದಕ್ಕೆ ನಾನ್ಯಾಕೆ?" ಎಂದರು ಅತ್ತೆ.

ತಿಂಗಳ ಕೊನೆಯೊಳಗೆ ಯೋಚನೆ ಮಾಡಿ ಹೇಳಿ ಎಂದರು ಇಂಜಿನಿಯರ್. ಮೌನ ಬಿಟ್ಟು ಫೋನಿಗೆ ಬರುವುದು, ಇಲ್ಲವೇ ಗೋಪುರದ ಜೊತೆಗೆ ತಾವೂ ನಿವೃತ್ತಿ ತೆಗೆದುಕೊಳ್ಳುವುದು.

ಸಿಟ್ಟಿನಲ್ಲಿ ಮನೆಗೆ ಬರುತ್ತಾರೆ ಎಂದುಕೊಂಡಿದ್ದೆ. ಬಂದದ್ದು ತಲೆಯಲ್ಲಿ ಹುಳ ಬಿಟ್ಟುಕೊಂಡು. ಚಪ್ಪಲಿ ಕಳಚುತ್ತಲೇ ನನ್ನನ್ನು ಕೇಳಿದರು, "ಅಲ್ವೇ, ನಿಜವಾಗ್ಲೂ ಯಾರಾದ್ರೂ ಉತ್ತರ ಹೇಳ್ತಾರಾ?"

ನನಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಆದ್ಮೇಲೆ ಕೇಳ್ತಿದ್ದೀರಲ್ಲ ಅತ್ತೆ!"

"ಯಾವಾಗ ನೋಡ್ಲಿ? ಆ ಹೊತ್ತಲ್ಲಿ ನಾನು ಒಳಗೆ ಕೂತಿರ್ತೀನಿ."

ನಾನು ನಗು ನಿಲ್ಲಿಸಿದೆ. ಅಡುಗೆ ಮಾಡಿದವರು ಬಡಿಸುವಾಗಲಾದರೂ ಉಣ್ಣುವವರ ಮುಖ ನೋಡುತ್ತಾರೆ. ಅತ್ತೆ ತಮ್ಮ ಮಾತನ್ನು ಒಬ್ಬರಾದರೂ ಕೇಳುವುದನ್ನು ಕಣ್ಣಾರೆ ಕಂಡೇ ಇರಲಿಲ್ಲ. ಉತ್ತರ ಹೇಳುವವರು ಇದ್ದರೆ ಮೌನಕ್ಕಾಗಿ ಜಗಳವಾಡಬಹುದು. ಯಾರೂ ಇಲ್ಲದಿದ್ದರೆ ಇಷ್ಟು ಕಾಲ ಮಾಡಿದ್ದು ಏನು?

ಹೊಸ ಯಂತ್ರದಲ್ಲಿ ಒಂದು ಅನುಕೂಲವಿತ್ತು. ಬೆಳಿಗ್ಗೆಯೇ ಕಾರ್ಯಕ್ರಮ ರೆಕಾರ್ಡ್ ಮಾಡಿಟ್ಟರೆ ಸಂಜೆ ಅದೇ ಪ್ರಸಾರ ಮಾಡಿಕೊಳ್ಳುತ್ತಿತ್ತು. ಅತ್ತೆ ಮಾರನೆಯ ದಿನವೇ ಹಾಗೆ ಮಾಡಿ, ಸಂಜೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ನನ್ನ ಕೈ ಹಿಡಿದು ಬೀದಿಗೆ ಹೊರಟರು. ದನಿ ಕೇಳಿದರೆ ಯಾರಾದರೂ ಗುರುತು ಹಿಡಿದಾರು ಎಂದು ಬಾಯಿಗೆ ಬೀಗ. ಮಾತೆಲ್ಲ ನನ್ನ ಪಾಲಿಗೆ.

ಮೊದಲು ಸಿಕ್ಕಿದ್ದು ಹೊಲಿಗೆ ಅಂಗಡಿ. ಬಟ್ಟೆ ಗಂಟುಗಳ ನಡುವೆ ಒಂದು ಹಳೆಯ ರೇಡಿಯೋ. ದರ್ಜಿ ಯಂತ್ರ ತುಳಿಯುತ್ತಿದ್ದ, ಅವನ ಹೆಂಡತಿ ಮೂಲೆಯಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ಇಬ್ಬರ ಮುಖವೂ ಊದಿತ್ತು. ನಾವು ಬಾಗಿಲ ಪಕ್ಕ ಕೊಡೆ ಬಿಚ್ಚುವವರಂತೆ ನಿಂತೆವು. ರೇಡಿಯೋದ ಅತ್ತೆ ಕೇಳಿದರು, "ಇವತ್ತು ಯಾರಿಗಾದ್ರೂ ಹೇಳಬೇಕು ಅಂದುಕೊಂಡು, ಹೇಳದೇ ಉಳಿಸಿಕೊಂಡ ಮಾತು ಯಾವುದು? ನೀವಿದ್ದಲ್ಲೇ ಹೇಳಿ, ನಾನು ಕೇಳ್ತೀನಿ."

ದರ್ಜಿಯ ಕಾಲು ನಿಂತಿತು. ಆಮೇಲೆ ಹೆಂಡತಿ, ಗಂಡನ ಕಡೆ ತಿರುಗದೆ, ರೇಡಿಯೋ ನೋಡಿಕೊಂಡು ಹೇಳಿದಳು, "ಊಟಕ್ಕೆ ಕರೆದ್ರೆ ಕರೆದ ತಕ್ಷಣ ಎದ್ದು ಬರಬೇಕು ಅಂತ ಹೇಳಬೇಕಿತ್ತಕ್ಕ. ಕರೆದೂ ಕರೆದೂ ನನ್ನ ಗಂಟಲು ಹರಿದುಹೋಗತ್ತೆ."

ಗಂಡನೂ ರೇಡಿಯೋಗೇ ಹೇಳಿದ, "ಅಕ್ಕಾ, ಈ ಮೆಷಿನ್ ಸದ್ದಲ್ಲಿ ನನಗೇನು ಕೇಳಿಸತ್ತೆ? ಹತ್ತಿರ ಬಂದು ಕರೀಬಾರ್ದಾ ಅಂತ ಸ್ವಲ್ಪ ಕೇಳಿ."

ಅತ್ತೆ ನನ್ನ ತೋಳನ್ನು ಎಷ್ಟು ಜೋರಾಗಿ ಹಿಡಿದರೆಂದರೆ ಉಗುರಿನ ಗುರುತು ಮೂಡಿತು. ನನ್ನ ಗಣಿತವೆಲ್ಲ ಅಲ್ಲೇ ತಲೆಕೆಳಗಾಯಿತು.

ಎದುರಿಗೆ ಕ್ಷೌರದ ಅಂಗಡಿ. ಆ್ಯಪ್‌ನಲ್ಲಿ ಪ್ರಸಾರ ಸ್ವಲ್ಪ ತಡವಾಗಿ ಬರುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ದರ್ಜಿಯ ಬಳಿ ಪ್ರಶ್ನೆ ಕೇಳಿಸಿಕೊಂಡು ನಾವು ರಸ್ತೆ ದಾಟುವಷ್ಟರಲ್ಲಿ, ಅಲ್ಲಿನ ಫೋನಿನಲ್ಲಿ ಅತ್ತೆ ಇನ್ನೂ ಅಗೆದ ರಸ್ತೆಯ ಸುದ್ದಿ ಮುಗಿಸುತ್ತಿದ್ದರು. ತಮ್ಮನ್ನೇ ತಾವು ಹಿಂದೆ ಹಾಕಿ ಬಂದದ್ದಕ್ಕೆ ಅವರಿಗೆ ಸೆರಗಿನೊಳಗೇ ನಗು.

ಅಂಗಡಿಯಲ್ಲಿ ಎರಡು ಕುರ್ಚಿ, ಇಬ್ಬರು ಅಣ್ಣತಮ್ಮಂದಿರು. ನರೆತ ಮೀಸೆಯ ಅಣ್ಣ ಒಬ್ಬರ ಗಡ್ಡ ಬೋಳಿಸುತ್ತಿದ್ದ, ತಮ್ಮ ಇನ್ನೊಬ್ಬರ ಕೂದಲು ಕತ್ತರಿಸುತ್ತಿದ್ದ. ಫೋನು ಕನ್ನಡಿಗೆ ಒರಗಿತ್ತು. ನೆಪಕ್ಕೆ ಏನಾದರೂ ಬೇಕಲ್ಲ, "ಚಿಕ್ಕ ಮಕ್ಕಳಿಗೆ ಕೂದಲು ಕತ್ತರಿಸ್ತೀರಾ?" ಎಂದೆ. ಮದುವೆಯೇ ಆಗದವಳು ಇನ್ನೇನು ಕೇಳಬಹುದಿತ್ತೋ ನನಗೆ ಹೊಳೆಯಲಿಲ್ಲ.

"ಸ್ವಲ್ಪ ಇರಿ, ಅಕ್ಕ ಪ್ರಶ್ನೆ ಕೇಳ್ತಾರೆ" ಎಂದ ತಮ್ಮ.

ಪ್ರಶ್ನೆ ಬಂತು. ತಮ್ಮ ಕತ್ತರಿ ನಿಲ್ಲಿಸಿದ. ಪಕ್ಕದ ಕುರ್ಚಿಯ ಕಡೆ ಒಮ್ಮೆ ನೋಡಿ, "ಅಕ್ಕಾ, ನಮ್ಮ ಅಣ್ಣನಿಗೆ ಒಂದು ಮಾತು..." ಎನ್ನುವಷ್ಟರಲ್ಲಿ ಫೋನಿನಿಂದ ಡೋಲು ತಮಟೆಯ ಹಾಡೊಂದು ಅಂಗಡಿ ತುಂಬ ಸಿಡಿಯಿತು.

"ಏನೋ? ನನಗೇನಾದ್ರೂ ಹೇಳಿದ್ಯಾ?" ಎಂದ ಅಣ್ಣ.

"ಏನಿಲ್ಲ ಬಿಡು."

ತಮ್ಮನ ಸಿಟ್ಟು ತಿರುಗಿದ್ದು ನನ್ನ ಕಡೆಗೆ. "ನೋಡಿದ್ರಾ? ನಮ್ಮ ರೇಡಿಯೋ ಕೆಟ್ಟು ಫೋನಲ್ಲಿ ಕೇಳೋಕೆ ಶುರು ಮಾಡಿದ್ಮೇಲೆ ದಿನಾ ಇದೇ ಗೋಳು. ಈ ಅಕ್ಕನಿಗೆ ಮೊದ್ಲಿನ ತಾಳ್ಮೆ ಇಲ್ಲ. ಹೇಳಿ ಅಂತಾರೆ, ಬಾಯಿ ತೆಗೆದ್ರೆ ಹಾಡು ಹಾಕ್ತಾರೆ. ಕೇಳಿಸಿಕೊಳ್ಳೋ ಮನಸ್ಸಿಲ್ದಿದ್ರೆ ಪ್ರಶ್ನೆ ಯಾಕೆ ಹಾಕ್ಬೇಕು?"

ಅತ್ತೆಯ ಮುಖ ಸಣ್ಣದಾಯಿತು. ಮನೆ ಹತ್ತಿರ ಬಂದಾಗ, "ನಾನು ಮಧ್ಯೆ ಬಾಯಿ ಹಾಕಿದೆ ಅಂದುಕೊಂಡಿದ್ದಾನೆ ಅವನು" ಎಂದರು. ಬಾಗಿಲು ತೆಗೆಯುತ್ತಾ, "ಅಣ್ಣನಿಗೆ ಏನು ಹೇಳಬೇಕಿತ್ತೇ ಅವನಿಗೆ?" ಎಂದರು. ಊಟಕ್ಕೆ ಕೂತಾಗಲೂ ಅದೇ ಪ್ರಶ್ನೆ. ಮಾವ ಒಂದೊಂದೇ ಊಹೆ ಮಾಡಿ ಹೇಳಿದರು, ಅತ್ತೆ ಒಂದೊಂದನ್ನೂ ಅರ್ಧಕ್ಕೇ ತಡೆದರು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ನಾನೂ ನಿಲಯಕ್ಕೆ ಹೋದೆ. ಅತ್ತೆ ಇಂಜಿನಿಯರ್ ಎದುರು ಕೂತು ಜಗಳಕ್ಕೆ ಇಳಿದಿದ್ದರು. ಅವರು ಪಾಪ, ಪರದೆಯ ಮೇಲೆ ಹಿಂದಿನ ಸಂಜೆಯ ಕಾರ್ಯಕ್ರಮ ತೋರಿಸಿದರು. ಮಾತಿದ್ದಲ್ಲಿ ಗೆರೆ ಏರಿ ಇಳಿದಿತ್ತು. ಮೌನ ಬಂದಲ್ಲಿ ದಾರ ಎಳೆದ ಹಾಗೆ ನೆಟ್ಟಗೆ ಮಲಗಿತ್ತು.

"ಇದೇನು ಹೀಗೆ? ಪೂರ್ತಿ ಸೊನ್ನೆ ಇದೆ" ಎಂದು ಅವರೇ ಹುಬ್ಬು ಗಂಟಿಕ್ಕಿದರು. "ಸುಮ್ನೆ ಕೂತ್ರೂ ಕೋಣೆಯ ಸದ್ದು ಸ್ವಲ್ಪ ಬರಬೇಕಲ್ಲ ಮೇಡಂ?"

"ನಾನು ಮೈಕಿನ ಗುಂಡಿ ಇಳಿಸ್ತೀನಲ್ಲ, ಹೇಗೆ ಬರತ್ತೆ?"

"ಇಳಿಸ್ತೀರಾ? ಯಾಕೆ?"

"ಉಸಿರು ಹೊರಗೆ ಹೋಗಬಾರದು ಅಂತ."

ಅತ್ತೆ ಗುಂಡಿ ಇಳಿಸುತ್ತಾರೆ ಎಂದು ಇಂಜಿನಿಯರ್‌ಗೆ ಗೊತ್ತಿರಲಿಲ್ಲ, ಯಂತ್ರಕ್ಕೆ ಉಸಿರಿನಷ್ಟು ಸದ್ದಾದರೂ ಸಾಕು ಎಂದು ಅತ್ತೆಗೆ ಗೊತ್ತಿರಲಿಲ್ಲ. ಇಬ್ಬರೂ ಇಷ್ಟು ವಾದ ಮಾಡಿದ್ದರು, ಒಬ್ಬರಾದರೂ ಈ ಮಾತು ಎತ್ತಿರಲಿಲ್ಲ. ಈಗ ಅತ್ತೆ ಒಳಗೆ ಹೋಗಿ ಗುಂಡಿ ಮೇಲಿಟ್ಟು, ಬಾಯಿ ಮುಚ್ಚಿ ಕೂತರು. ಪರದೆಯ ಗೆರೆ ಸಣ್ಣಗೆ ಅಲುಗುತ್ತಲೇ ಇತ್ತು. ಹಾಡು ಬರಲಿಲ್ಲ. ಹೊರಗೆ ನಮಗೆ ಅತ್ತೆಯ ಉಸಿರು ಕೇಳಿಸುತ್ತಿತ್ತು. ತಮ್ಮ ಉಸಿರನ್ನು ಊರಿಗೆ ಕೇಳಿಸುವುದು ಅವರಿಗೆ ಎಷ್ಟು ಸಂಕೋಚವಾಯಿತೋ, ಹೊರಗೆ ಬಂದಾಗ ಕಿವಿಯೆಲ್ಲ ಕೆಂಪಾಗಿತ್ತು.

"ಹಾಗಾದ್ರೆ ಸರಿಹೋಯ್ತು" ಎಂದರು ಇಂಜಿನಿಯರ್. "ಒಂದು ವಾರದ್ದು ಒಟ್ಟಿಗೇ ರೆಕಾರ್ಡ್ ಮಾಡಿಬಿಡಿ. ನಿಮಗೂ ಸಂಜೆ ಆರಾಮ."

"ಬೇಡ. ಅವರು ಮಾತಾಡೋ ಹೊತ್ತಲ್ಲಿ ನಾನು ಇಲ್ಲಿ ಕೂತಿರಬೇಕು."

"ನಿಮಗೆ ಹೇಗೂ ಕೇಳಿಸಲ್ವಲ್ಲ ಅತ್ತೆ?" ಎಂದೆ ನಾನು.

"ಕೇಳಿಸಲ್ಲ. ಆದ್ರೆ ನಿನ್ನೆ ಅಲ್ಲಿ ನನ್ನ ದನಿ 'ಕೇಳ್ತೀನಿ' ಅಂತ ಹೇಳ್ತಿತ್ತು, ನಾನು ಬೀದಿ ಸುತ್ತುತ್ತಿದ್ದೆ. ನಾಚಿಕೆ ಆಯ್ತು ಕಣೆ."

ಕೇಳುವವರ ಮುಖ ನೋಡುವ ಆಸೆಯನ್ನು ಅತ್ತೆ ಅಷ್ಟಕ್ಕೇ ಮುಗಿಸಿಬಿಟ್ಟರು. ಇಷ್ಟು ವರ್ಷ ಅವರನ್ನು ತಮಾಷೆ ಮಾಡಿದವಳಿಗೆ ಅವತ್ತು ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ, ಚೀಲ ಹಿಡಿದುಕೊಂಡು ಅವರ ಜೊತೆ ಬಸ್ಸಿಗೆ ನಿಂತೆ.

ಅವತ್ತಿಗೇ ತಿಂಗಳು ಮುಗಿಯಿತು, ಗೋಪುರ ನಿಂತಿತು. ಮಾರನೆಯ ಸಂಜೆ ನಾನು ಕ್ಷೌರದ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತೆ. ಯಾವ ನೆಪವನ್ನೂ ಹೇಳಲಿಲ್ಲ. ಫೋನಿನಲ್ಲಿ ಅತ್ತೆ ಹಾಡು ಮುಗಿಸಿ, ಹವಾಮಾನ ಮುಗಿಸಿ ಹೇಳಿದರು, "ಮೊನ್ನೆ ಒಂದು ಪ್ರಶ್ನೆ ಹಾಕಿ, ನೀವು ಹೇಳೋ ಮೊದಲೇ ಹಾಡು ಬಂದುಬಿಡ್ತು. ತಪ್ಪು ನನ್ನದು. ಅದನ್ನೇ ಮತ್ತೆ ಕೇಳ್ತೀನಿ. ಹೇಳಬೇಕು ಅಂದುಕೊಂಡು ಹೇಳದೇ ಉಳಿಸಿಕೊಂಡ ಮಾತು ಯಾವುದು?"

ಆಮೇಲೆ ಅತ್ತೆಯ ಉಸಿರು. ಮೆಲ್ಲಗೆ ಒಳಕ್ಕೆ, ಮೆಲ್ಲಗೆ ಹೊರಕ್ಕೆ. ಎಲ್ಲೋ ಕುರ್ಚಿ ಕಿರ್ರೆಂದಿತು. ಹಾಡು ಬರುತ್ತದೆಂದು ತಮ್ಮ ಕಾದ. ಬರಲಿಲ್ಲ. ಕಾದಷ್ಟೂ ಅತ್ತೆ ಅಲ್ಲೇ ಇದ್ದರು.

"ನಮ್ಮ ಅಣ್ಣನಿಗೆ ಹೇಳಬೇಕಿತ್ತಕ್ಕ" ಎಂದ ಅವನು, ಫೋನಿನ ಮೇಲಿಂದ ಕಣ್ಣು ತೆಗೆಯದೆ. "ನನಗೆ ಕತ್ತಿ ಹಿಡಿಯೋಕೆ ಕಲಿಸಿದ್ದೇ ಅವನು. ಹೇಗೆ ಹೇಳ್ಲಿ? ಈಗೀಗ ಅವನ ಕೈ ನಡುಗತ್ತೆ. ಯಾರ ಕುತ್ತಿಗೆಗಾದ್ರೂ ತಾಗೋ ಮೊದ್ಲು ಗಡ್ಡದ ಕೆಲಸ ನನಗೆ ಬಿಟ್ಟುಬಿಡು ಅಂತ ಹೇಳಬೇಕಿತ್ತು."

ಪಕ್ಕದ ಕುರ್ಚಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಕಣ್ಣು ಬಿಟ್ಟರು. ಅಣ್ಣ ಕತ್ತಿಯನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದ. ತಮ್ಮನ ಕಡೆ ತಿರುಗಲಿಲ್ಲ. ಕನ್ನಡಿಗೆ ಒರಗಿದ ಫೋನಿನ ಕಡೆ ಬಗ್ಗಿ, "ಹೌದಕ್ಕ, ನಡುಗತ್ತೆ" ಎಂದ. ಕತ್ತಿಯನ್ನು ಒರೆಸಿ ತಮ್ಮನ ಕೈಗೆ ಕೊಟ್ಟು, ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತ.